ಬೀರುವಿನಲ್ಲಿ ಬಂದೂಕು, ಕೈಯಲ್ಲಿ ಮತಚೀಟಿ

1989ರ ನವೆಂಬರ್ 26, ಭಾನುವಾರ. ಅವತ್ತು ಸ್ವಿಟ್ಜರ್ಲೆಂಡಿನ ಮತದಾರರು ಒಂದು ಪ್ರಶ್ನೆಗೆ ಉತ್ತರ ಹೇಳಬೇಕಿತ್ತು. ನಮ್ಮ ದೇಶಕ್ಕೆ ಸೈನ್ಯ ಬೇಕಾ, ಬೇಡವಾ?

ಸೈನ್ಯದ ಖರ್ಚು ಕಡಿಮೆ ಮಾಡಿ ಅನ್ನುವ ಬೇಡಿಕೆ ಅದಲ್ಲ. ಸೈನ್ಯವನ್ನೇ ಪೂರ್ತಿ ತೆಗೆದುಹಾಕಿ ಅನ್ನುವ ಪ್ರಸ್ತಾಪ. ಶೇ. 69ರಷ್ಟು ಮತದಾನವಾಯಿತು. ಅಲ್ಲಿನ ಲೆಕ್ಕದಲ್ಲಿ ಅದು ಬಹಳ ಜಾಸ್ತಿ. ಸೈನ್ಯ ಇರಲಿ ಅಂದವರು ಶೇ. 64.4. ಬೇಡ ಅಂದವರು ಶೇ. 35.6, ಅಂದರೆ 10 ಲಕ್ಷಕ್ಕೂ ಹೆಚ್ಚು ಜನ. ಜಿನೀವಾ ಮತ್ತು ಜೂರಾ ಪ್ರಾಂತ್ಯಗಳಲ್ಲಂತೂ ಬೇಡ ಅಂದವರೇ ಹೆಚ್ಚಿದ್ದರು.

ಲೆಕ್ಕದ ಪ್ರಕಾರ ಸೈನ್ಯ ಆರಾಮಾಗಿ ಗೆದ್ದಿತ್ತು. ಆದರೆ ಸಂಜೆ ಕುಣಿದವರು ಸೋತವರು. ಗೆದ್ದವರು ತಲೆ ಕೆರೆದುಕೊಂಡು ಕೂತರು. ದೇಶದಲ್ಲಿ ಮೂವರಲ್ಲಿ ಒಬ್ಬ ನೀವು ಬೇಡವೇ ಬೇಡ ಅಂದಮೇಲೆ ಹಳೆ ದಾರಿಯಲ್ಲೇ ಹೋಗುವುದು ಹೇಗೆ?

ಆಗ ಆ ಸೈನ್ಯದಲ್ಲಿ 6 ಲಕ್ಷಕ್ಕೂ ಹೆಚ್ಚು ಜನರಿದ್ದರು. ದೇಶದ ಜನಸಂಖ್ಯೆ ಸುಮಾರು 66 ಲಕ್ಷ. ಇವತ್ತು ಜನಸಂಖ್ಯೆ 90 ಲಕ್ಷ ದಾಟಿದೆ, ಸೈನ್ಯದ ಗುರಿ ಸಂಖ್ಯೆ 1 ಲಕ್ಷ. ಇದು ಯಾವುದೋ ಯುದ್ಧ ಸೋತು ಆದದ್ದಲ್ಲ, ಹೊರಗಿನವರ ಒತ್ತಡಕ್ಕೆ ಆದದ್ದೂ ಅಲ್ಲ. ಒಂದೊಂದೇ ಜನಮತ, ಒಂದೊಂದೇ ಕಾನೂನು ಅಂತ ಆಗುತ್ತಾ ಬಂತು. ಈ ಕಥೆಯನ್ನು ಓದುವಾಗ ನಾನು ಹಿಡಿದುಕೊಂಡಿರುವ ಎಳೆ ಒಂದೇ. ಅಲ್ಲಿ ಸೈನಿಕನೂ ಮತದಾರನೂ ಬಹುಪಾಲು ಒಬ್ಬನೇ ಮನುಷ್ಯ. ಸೈನ್ಯದ ಸುಧಾರಣೆ ಅಂದರೆ ಅವನ ರಜೆ, ಅವನ ಕೆಲಸ, ಅವನ ಬೀರುವಿನಲ್ಲಿರುವ ಬಂದೂಕಿನ ವಿಷಯ. ಇದನ್ನು ಮರೆತರೆ ಅಲ್ಲಿನ ಜನ ಯಾವುದಕ್ಕೆ ಹೂಂ ಅಂದರು, ಯಾವುದಕ್ಕೆ ಉಹೂಂ ಅಂದರು ಅನ್ನುವುದು ತಲೆಬುಡ ಅರ್ಥವಾಗುವುದಿಲ್ಲ.

ಹಳೆಯ ಏರ್ಪಾಡು

ಸ್ವಿಸ್ ಗಂಡಸರು ಒಂದು ಕಾಲದಲ್ಲಿ ಬೇರೆಯವರ ಯುದ್ಧಕ್ಕೆ ಬಾಡಿಗೆಗೆ ಹೋಗುತ್ತಿದ್ದವರು. ಇದಕ್ಕೆ ಸಾಕ್ಷಿ ನಮ್ಮ ಹತ್ತಿರವೇ ಇದೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಂಡೆಯ ಹತ್ತಿರ ಗ್ಯಾರಿಸನ್ ಸ್ಮಶಾನ ಅಂತ ಒಂದಿದೆ. ಅಲ್ಲಿ ಡಿ ಮ್ಯೂರೋನ್ ರೆಜಿಮೆಂಟಿನವರ ಗೋರಿಗಳಿವೆ. ಇವತ್ತಿನ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಊರಿನ ಒಬ್ಬ ಸಾಹುಕಾರ ಅಧಿಕಾರಿ 1781ರಲ್ಲಿ ಡಚ್ ಕಂಪನಿಗಾಗಿ ಕಟ್ಟಿದ ಪಡೆ ಅದು. 1795ರಲ್ಲಿ ಸಿಲೋನಿನಲ್ಲಿ ಇಂಗ್ಲಿಷರ ಕಡೆ ಹೋಯಿತು. 1799ರಲ್ಲಿ ಟಿಪ್ಪುವಿನ ಕೋಟೆಯ ಮುತ್ತಿಗೆಯಲ್ಲಿತ್ತು. ಎಲ್ಲಿಯ ಆಲ್ಪ್ಸ್, ಎಲ್ಲಿಯ ಶ್ರೀರಂಗಪಟ್ಟಣ!

ಹತ್ತೊಂಬತ್ತನೇ ಶತಮಾನದ ನಡುವೆ ಈ ಬಾಡಿಗೆ ಸಿಪಾಯಿಗಿರಿಗೆ ಕಾನೂನು ಕಡಿವಾಣ ಹಾಕಿತು. ಅಲ್ಲಿಂದಾಚೆಗೆ ಸ್ವಿಸ್ ಸೈನಿಕ ಅಂದರೆ ತನ್ನ ಊರಿನಲ್ಲೇ ಇರುವ, ತನ್ನ ಕಸುಬು ಮಾಡುವ, ಕರೆ ಬಂದಾಗ ಹೊರಡುವ ಮನುಷ್ಯ. ಕಾಯಂ ಸಂಬಳದ ಸೈನಿಕರು ಬಹಳ ಕಡಿಮೆ. ಇಪ್ಪತ್ತು ವರ್ಷಕ್ಕೆ ನಾಲ್ಕು ತಿಂಗಳ ತರಬೇತಿ. ಆಮೇಲೆ ವರ್ಷಕ್ಕೆ ಮೂರು ವಾರದ ಮರುತರಬೇತಿ. ಅಲ್ಲಿನ ಜರ್ಮನ್ ಮಾತಿನಲ್ಲಿ ಇದಕ್ಕೆ 'ವೇ-ಕಾ' ಅನ್ನುತ್ತಾರೆ. ಆಫೀಸಿನಲ್ಲಿ "ಅವನು ವೇ-ಕಾದಲ್ಲಿದ್ದಾನೆ" ಅಂದರೆ ಮುಗಿಯಿತು, ಮುಂದೆ ಯಾರೂ ಕೇಳುವುದಿಲ್ಲ. ಆ ದಿನಗಳ ಸಂಬಳದ ಬಹುಭಾಗ ಒಂದು ಸಾಮಾಜಿಕ ನಿಧಿಯಿಂದ ಬರುತ್ತದೆ. ಹಳೆಯ ಪದ್ಧತಿಯಲ್ಲಿ ಈ ಋಣ 50 ವರ್ಷ ಆಗುವವರೆಗೂ ತೀರುತ್ತಿರಲಿಲ್ಲ. ಸೇವೆಗೆ ಯೋಗ್ಯನಲ್ಲ ಅಂತ ಬಿಟ್ಟವನು ಸುಮ್ನೆ ಮನೆಯಲ್ಲಿ ಕೂರುವ ಹಾಗಿಲ್ಲ, ಅವನಿಗೆ ಪ್ರತ್ಯೇಕ ತೆರಿಗೆ.

ಬಂದೂಕು ಮನೆಯಲ್ಲೇ ಇರುತ್ತಿತ್ತು. ಸೀಲು ಮಾಡಿದ ಡಬ್ಬಿಯಲ್ಲಿ 50 ಗುಂಡೂ ಜೊತೆಗೆ. ವರ್ಷಕ್ಕೊಮ್ಮೆ ಊರಿನ ಗುರಿ ಮೈದಾನಕ್ಕೆ ಹೋಗಿ 300 ಮೀಟರ್ ದೂರಕ್ಕೆ 20 ಗುಂಡು ಹಾರಿಸಿ ಬರಬೇಕು. ಇದು ಈಗಲೂ ಇದೆ.

ಇದೆಲ್ಲ ಬರೀ ರಕ್ಷಣೆಯ ಏರ್ಪಾಡಲ್ಲ. ಅಪ್ಪೆನ್‌ಝೆಲ್ ಒಳಪ್ರಾಂತ್ಯದಲ್ಲಿ ವರ್ಷಕ್ಕೊಮ್ಮೆ ಬಯಲಿನಲ್ಲಿ ಜನರ ಸಭೆ ಸೇರುತ್ತದೆ. ಅಲ್ಲಿ ಕೈ ಎತ್ತಿ ಮತ ಹಾಕುತ್ತಾರೆ. ಗಂಡಸು ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ಬಂದರೆ ಅದೇ ಅವನ ಮತದಾರರ ಚೀಟಿ. ಆಯುಧ ಹೊರುವವನೇ ಪ್ರಜೆ ಅನ್ನುವ ಕಲ್ಪನೆ ಅಷ್ಟು ಆಳಕ್ಕೆ ಇಳಿದಿತ್ತು. ಹೆಂಗಸರಿಗೆ ದೇಶದ ಮಟ್ಟದಲ್ಲಿ ಮತದ ಹಕ್ಕು ಸಿಕ್ಕಿದ್ದು 1971ರಲ್ಲಿ. ಈ ಅಪ್ಪೆನ್‌ಝೆಲ್‌ನಲ್ಲಿ 1990ರಲ್ಲಿ, ಅದೂ ಕೋರ್ಟು ಹೇಳಿದ ಮೇಲೆ.

ಇನ್ನೊಂದು ಕಡೆ ಸೈನ್ಯದ ಹುದ್ದೆಗೂ ಆಫೀಸಿನ ಹುದ್ದೆಗೂ ನಂಟು. ದೊಡ್ಡ ಬ್ಯಾಂಕಿನ ಮೇಲಧಿಕಾರಿ ಸೈನ್ಯದಲ್ಲಿ ಕರ್ನಲ್ ಆಗಿರುವುದು ಮಾಮೂಲಿ. ಬಡ್ತಿ ಬೇಕಾದರೆ ಸಮವಸ್ತ್ರದಲ್ಲೂ ಮೇಲೇರು ಅನ್ನುವ ಅಲಿಖಿತ ನಿಯಮ. ಸ್ವಿಟ್ಜರ್ಲೆಂಡಿಗೆ ಸೈನ್ಯ ಇಲ್ಲ, ಸ್ವಿಟ್ಜರ್ಲೆಂಡೇ ಒಂದು ಸೈನ್ಯ ಅನ್ನುವ ಮಾತು ಅಲ್ಲಿ ಚಲಾವಣೆಯಲ್ಲಿತ್ತು. ಸರ್ಕಾರವೂ ಅದನ್ನು ಹೆಮ್ಮೆಯಿಂದ ಬಳಸುತ್ತಿತ್ತು. ಬೆಟ್ಟಗಳ ಒಳಗೆ ಕೋಟೆ, ಸೇತುವೆಗಳ ಒಳಗೆ ಸ್ಫೋಟಕ, ಮನೆಗಳ ಕೆಳಗೆ ಅಣುಬಾಂಬಿಗೂ ತಡೆಯುವ ನೆಲಮಾಳಿಗೆ. ಎರಡನೇ ಮಹಾಯುದ್ಧದಲ್ಲಿ ಹಿಟ್ಲರ್ ಇತ್ತ ಬರಲಿಲ್ಲ, ಅದಕ್ಕೆ ಈ ಸೈನ್ಯವೇ ಕಾರಣ ಅಂತ ಒಂದಿಡೀ ತಲೆಮಾರು ನಂಬಿತ್ತು.

ಬಿರುಕು

1982ರಲ್ಲಿ ಸೊಲೊಥುರ್ನ್ ಅನ್ನುವ ಊರಿನಲ್ಲಿ ಒಂದಷ್ಟು ಜನ ಸೇರಿ 'ಸೈನ್ಯವಿಲ್ಲದ ಸ್ವಿಟ್ಜರ್ಲೆಂಡಿಗಾಗಿ ಗುಂಪು' ಅಂತ ಕಟ್ಟಿದರು. ಹುಚ್ಚರು ಅಂತ ನಕ್ಕವರೇ ಹೆಚ್ಚು. ಆದರೆ ಆ ದೇಶದ ನಿಯಮ ನೋಡಿ. 18 ತಿಂಗಳಲ್ಲಿ 1 ಲಕ್ಷ ಸಹಿ ತಂದರೆ ಸಂವಿಧಾನ ಬದಲಿಸುವ ಯಾವ ಪ್ರಸ್ತಾಪವನ್ನೂ ಜನರ ಮುಂದೆ ಇಡಲೇಬೇಕು. ಸರ್ಕಾರಕ್ಕೆ ಇಷ್ಟವಿಲ್ಲದಿದ್ದರೂ ಇಡಬೇಕು. 1986ರಲ್ಲಿ ಈ ಗುಂಪು 1 ಲಕ್ಷ 11 ಸಾವಿರ ಸಹಿ ತಂದು ಕೊಟ್ಟಿತು.

ನಡುವೆ ಒಂದು ಸಣ್ಣ ಸೂಚನೆ ಸಿಕ್ಕಿತ್ತು. ರೋಥೆನ್‌ಥುರ್ಮ್ ಅನ್ನುವ ಹಳ್ಳಿಯ ಹತ್ತಿರದ ಜೌಗು ನೆಲದಲ್ಲಿ ಸೈನ್ಯ ತರಬೇತಿ ಮೈದಾನ ಮಾಡಲು ಹೊರಟಿತ್ತು. ರೈತರೂ ಪರಿಸರದವರೂ ಒಟ್ಟಾಗಿ ಜೌಗು ಉಳಿಸಿ ಅಂತ ಜನಮತಕ್ಕೆ ತಂದರು. 1987ರ ಡಿಸೆಂಬರ್‌ನಲ್ಲಿ ಶೇ. 57.8ರಷ್ಟು ಜನ ಜೌಗಿನ ಪರ ನಿಂತರು. ಸೈನ್ಯದ ವಿರುದ್ಧ ಕೆಸರು ಗೆದ್ದಿತು. ಅದನ್ನು ರಾಜಧಾನಿ ಬರ್ನ್‌ನಲ್ಲಿ ಕೂತವರು ಸರಿಯಾಗಿ ಓದಿಕೊಳ್ಳಲಿಲ್ಲ ಅಂತ ನನ್ನ ಅನಿಸಿಕೆ.

ಓದಿಕೊಂಡಿದ್ದರೆ 1989ರ ಬೇಸಿಗೆಯ ಎಡವಟ್ಟು ಮಾಡುತ್ತಿರಲಿಲ್ಲ. 1939ರಲ್ಲಿ ಸೈನ್ಯ ಗಡಿಗೆ ಹೊರಟಿದ್ದಕ್ಕೆ 50 ವರ್ಷ ಅಂತ 'ಡಿಯಮಾಂಟ್' ಹೆಸರಿನಲ್ಲಿ ದೇಶದ ತುಂಬ ಸಮಾರಂಭ ಮಾಡಿದರು. ಆ ಕಾಲದ ಮುದುಕರಿಗೆ ಗೌರವ ಸಲ್ಲಿಸುವುದು ಸರಿ. ಆದರೆ ಎಲ್ಲರೂ ಯುದ್ಧ ಮುಗಿದ ದಿನ ನೆನೆಯುತ್ತಾರೆ, ನಾವು ಶುರುವಾದ ದಿನ ಹಬ್ಬ ಮಾಡುತ್ತೇವೆ ಅಂತ ಅಲ್ಲಿಯವರೇ ಕುಹಕ ಆಡಿದರು.

ಆಮೇಲೆ ನವೆಂಬರ್ ಬಂತು. 9ನೇ ತಾರೀಖು ಬರ್ಲಿನ್ ಗೋಡೆ ಬಿತ್ತು. ಪೂರ್ವದಿಂದ ಟ್ಯಾಂಕುಗಳು ಬರುತ್ತವೆ ಅನ್ನುವ ಭಯದ ಮೇಲೆ ಕಟ್ಟಿದ ಸೈನ್ಯಕ್ಕೆ ಆ ಭಯವೇ ಕೈಕೊಟ್ಟಿತು. 24ನೇ ತಾರೀಖು, ಅಂದರೆ ಮತದಾನಕ್ಕೆ ಎರಡು ದಿನ ಮೊದಲು, ಸಂಸತ್ತಿನ ತನಿಖಾ ಸಮಿತಿಯ ವರದಿ ಹೊರಬಿತ್ತು. ನ್ಯಾಯ ಮಂತ್ರಿ ಎಲಿಸಬೆತ್ ಕಾಪ್ ರಾಜೀನಾಮೆ ಕೊಟ್ಟ ಪ್ರಕರಣ ಕೆದಕಲು ಹೋದವರಿಗೆ ಸಿಕ್ಕಿದ್ದು ಬೇರೆಯೇ. ಪೊಲೀಸರು ಗುಟ್ಟಾಗಿ ಇಟ್ಟಿದ್ದ ಸುಮಾರು 9 ಲಕ್ಷ ಕಡತ! ಯಾರು ಯಾವ ಸಭೆಗೆ ಹೋದರು, ಯಾರು ಪೂರ್ವ ಯುರೋಪಿಗೆ ಹೋಗಿ ಬಂದರು, ಎಲ್ಲ ಬರೆದಿಟ್ಟಿದ್ದರು.

ಇದರಿಂದ ಎಷ್ಟು ಮತ ತಿರುಗಿತು ಅಂತ ಅಳೆಯುವುದು ಕಷ್ಟ. ಜಿನೀವಾದ ಮತಕ್ಕಂತೂ ಇನ್ನೂ ಹಳೆಯ ಗಾಯ ಇತ್ತು. 1932ರ ನವೆಂಬರ್‌ನಲ್ಲಿ ಅಲ್ಲಿನ ಬೀದಿಯಲ್ಲಿ ಫ್ಯಾಸಿಸಂ ವಿರೋಧಿ ಮೆರವಣಿಗೆಯ ಮೇಲೆ ಸೈನ್ಯಕ್ಕೆ ಹೊಸದಾಗಿ ಸೇರಿದ ಎಳೆ ಹುಡುಗರ ಪಡೆಯೊಂದು ಗುಂಡು ಹಾರಿಸಿತ್ತು. 13 ಜನ ಸತ್ತಿದ್ದರು. ಅಂಥದ್ದನ್ನು ಊರು ಮರೆಯುತ್ತದಾ?

ಸಾಲದು ಅನ್ನುವಂತೆ 1990ರಲ್ಲಿ ಪಿ-26 ಅನ್ನುವ ಗುಪ್ತ ಪಡೆಯ ಸುದ್ದಿಯೂ ಹೊರಗೆ ಬಂತು. ಶತ್ರು ದೇಶವನ್ನು ಹಿಡಿದರೆ ಒಳಗಿನಿಂದ ಹೋರಾಡಲು ಸಂಸತ್ತಿಗೂ ಗೊತ್ತಿಲ್ಲದೆ ತಯಾರಾಗಿದ್ದ ಕೂಟ ಅದು. ಅದೇ ವರ್ಷ ಅದನ್ನು ವಿಸರ್ಜಿಸಿದರು.

ಭಾರ ಇಳಿಸಿ, ಬೇರು ಕೀಳಬೇಡಿ

ರಕ್ಷಣಾ ಮಂತ್ರಿಯಾಗಿದ್ದವರು ಕಾಸ್ಪರ್ ವಿಲ್ಲಿಗರ್. ಸಿಗಾರ್ ತಯಾರಿಸುವ ಮನೆತನದವರು, ವ್ಯಾಪಾರಸ್ಥರು. ಅಂಗಡಿಗೆ ಬರುವವರಲ್ಲಿ ಮೂರನೇ ಒಂದು ಪಾಲು ಮುಖ ತಿರುಗಿಸಿದರೆ ಏನರ್ಥ ಅನ್ನುವುದು ಅಂಥವರಿಗೆ ಹೇಳಿಕೊಡಬೇಕಾಗಿಲ್ಲ. 'ಸೈನ್ಯ 95' ಅನ್ನುವ ಯೋಜನೆ ಬಂತು. 6 ಲಕ್ಷದ ಸೈನ್ಯ 4 ಲಕ್ಷಕ್ಕೆ ಇಳಿಯಿತು. ಸೇವೆಯ ವಯಸ್ಸಿನ ಮಿತಿ 50ರಿಂದ 42ಕ್ಕೆ ಬಂತು. ಮರುತರಬೇತಿ ವರ್ಷಕ್ಕೊಮ್ಮೆ ಇದ್ದದ್ದು ಎರಡು ವರ್ಷಕ್ಕೊಮ್ಮೆ ಆಯಿತು. ಆ ಹೊತ್ತಿನಲ್ಲೇ ಸೈನ್ಯದ ಪಾರಿವಾಳಗಳಿಗೂ ನಿವೃತ್ತಿ ಸಿಕ್ಕಿತು. ಹೌದು, ಸಂದೇಶ ಒಯ್ಯುವ ಪಾರಿವಾಳಗಳು. 1990ರ ದಶಕದವರೆಗೂ ಸ್ವಿಸ್ ಸೈನ್ಯ ಅವುಗಳನ್ನು ಸಾಕುತ್ತಿತ್ತು.

ಆದರೆ ನನಗೆ ಇದಕ್ಕಿಂತ ದೊಡ್ಡ ಬದಲಾವಣೆ ಅನ್ನಿಸುವುದು ಇನ್ನೊಂದು. ನಾನು ಆಯುಧ ಹಿಡಿಯುವುದಿಲ್ಲ ಅಂದವನಿಗೆ ಅಲ್ಲಿ ಜೈಲು. ವರ್ಷಕ್ಕೆ ನೂರಾರು ಹುಡುಗರು ಒಳಗೆ ಹೋಗುತ್ತಿದ್ದರು. ಮನಸ್ಸಾಕ್ಷಿ ಒಪ್ಪದವರಿಗೆ ಆಸ್ಪತ್ರೆ, ವೃದ್ಧಾಶ್ರಮ, ಕಾಡು ಇಂಥ ಕಡೆ ನಾಗರಿಕ ಸೇವೆ ಕೊಡಿ ಅಂತ 1977ರಲ್ಲಿ ಕೇಳಿದರು. ಜನ ಬೇಡ ಅಂದರು. 1984ರಲ್ಲಿ ಮತ್ತೆ ಕೇಳಿದರು. ಮತ್ತೆ ಶೇ. 60ಕ್ಕೂ ಹೆಚ್ಚು ಜನ ಬೇಡ ಅಂದರು. 1992ರ ಮೇ ತಿಂಗಳಲ್ಲಿ ಮೂರನೇ ಸಲ ಬಂದಾಗ ಶೇ. 82.5ರಷ್ಟು ಜನ ಒಪ್ಪಿಬಿಟ್ಟರು. ಎಂಟೇ ವರ್ಷದಲ್ಲಿ ಇಷ್ಟು ತಿರುವು. ನಡುವೆ ಆದದ್ದು 1989. ಸೈನ್ಯ ಬೇಡ ಅನ್ನುವುದು ದೇಶದ್ರೋಹವಲ್ಲ, ಅದೂ ಒಂದು ಅಭಿಪ್ರಾಯ ಅಂತ ಮತ ಎಣಿಸಿದ ದಿನವೇ ತೀರ್ಮಾನ ಆಗಿಹೋಗಿತ್ತು.

ಕಾನೂನು ಜಾರಿಗೆ ಬಂದದ್ದು 1996ರ ಅಕ್ಟೋಬರ್‌ನಲ್ಲಿ. ನಾಗರಿಕ ಸೇವೆ ಸೈನ್ಯದ ಸೇವೆಗಿಂತ ಒಂದೂವರೆ ಪಟ್ಟು ಉದ್ದ. ಮೊದಲಿಗೆ ಒಂದು ಸಮಿತಿಯ ಮುಂದೆ ಕೂತು ಮನಸ್ಸಾಕ್ಷಿಯ ಪರೀಕ್ಷೆ ಕೊಡಬೇಕಿತ್ತು. ಮನಸ್ಸಾಕ್ಷಿಗೆ ಅಂಕ ಹಾಕುವುದು ಹೇಗೆ ಅಂತ ಕೊನೆಗೆ ಅವರಿಗೇ ಅನ್ನಿಸಿರಬೇಕು. 2009ರಲ್ಲಿ ಪರೀಕ್ಷೆ ತೆಗೆದರು. ಅಷ್ಟು ಉದ್ದದ ಸೇವೆಗೆ ಒಪ್ಪಿದ್ದೇ ಸಾಕ್ಷಿ ಅಂದರು. ಆ ವರ್ಷ ಸೇರಿದವರು 6 ಸಾವಿರ ದಾಟಿದರು, ಹಿಂದಿನ ವರ್ಷಕ್ಕಿಂತ ಹಲವು ಪಟ್ಟು. ಸೈನ್ಯದವರಿಗೆ ಇದು ಇವತ್ತಿಗೂ ತಲೆನೋವು.

ಹಾಗಂತ ಜನ ಸೈನ್ಯದ ವಿರುದ್ಧ ತಿರುಗಿದರು ಅಂದುಕೊಳ್ಳಬೇಡಿ. 1992ರಲ್ಲಿ ಸಂಸತ್ತು 34 ಎಫ್/ಎ-18 ಯುದ್ಧ ವಿಮಾನ ಕೊಳ್ಳಲು ಒಪ್ಪಿತು. 1989ರಲ್ಲಿ ಸೈನ್ಯ ಬೇಡ ಅಂದಿದ್ದ ಗುಂಪೇ ಅದನ್ನು ತಡೆಯಲು ಒಂದು ತಿಂಗಳ ಆಸುಪಾಸಿನಲ್ಲಿ ಸುಮಾರು 5 ಲಕ್ಷ ಸಹಿ ಕೂಡಿಸಿತು. ದೇಶದಲ್ಲಿ ಗುಲ್ಲೋ ಗುಲ್ಲು. ಕೊನೆಗೆ 1993ರ ಜೂನ್‌ನಲ್ಲಿ ಶೇ. 57.2ರಷ್ಟು ಜನ ವಿಮಾನ ತಡೆಯುವ ಪ್ರಸ್ತಾಪವನ್ನೇ ತಳ್ಳಿಹಾಕಿದರು. 2001ರ ಡಿಸೆಂಬರ್‌ನಲ್ಲಿ ಸೈನ್ಯ ರದ್ದು ಮಾಡುವ ಪ್ರಶ್ನೆ ಎರಡನೇ ಸಲ ಬಂತು. ಅಮೆರಿಕದ ಗೋಪುರಗಳು ಬಿದ್ದು ಮೂರು ತಿಂಗಳೂ ಆಗಿರಲಿಲ್ಲ. ಶೇ. 78ರಷ್ಟು ಜನ ರದ್ದು ಬೇಡ ಅಂದರು. 1989ರ ಬಿಸಿ ಆರಿತ್ತು. ಅದು ಆರಿದ್ದೇಕೆ ಅಂದರೆ ಮನೆಯ ಮೇಲಿನ ಭಾರ ಅಷ್ಟರಲ್ಲಿ ಇಳಿಯತೊಡಗಿತ್ತು.

ಹೊರದೇಶಕ್ಕೆ ಸೈನಿಕರನ್ನು ಕಳಿಸುವ ವಿಷಯ ಬೇರೆಯೇ ಜಗ್ಗಾಟ. ವಿಶ್ವಸಂಸ್ಥೆಗಾಗಿ ಶಾಂತಿ ಕಾಯುವ ನೀಲಿ ಹೆಲ್ಮೆಟ್ ಪಡೆ ಕಟ್ಟೋಣ ಅಂದದ್ದಕ್ಕೆ 1994ರಲ್ಲಿ ಜನ ಬೇಡ ಅಂದರು. 1999ರಲ್ಲಿ ಕೊಸೊವೊಗೆ ಹೋದ ಸ್ವಿಸ್ ತುಕಡಿಯ ಕಾವಲಿಗೆ ಆಸ್ಟ್ರಿಯಾದವರು ನಿಲ್ಲಬೇಕಾಯಿತು. ಸೈನಿಕನಿಗೇ ಪಹರೆ! ಹೋದವರಿಗೆ ಆತ್ಮರಕ್ಷಣೆಗೆ ಆಯುಧ ಕೊಡಬಹುದು ಅಂತ 2001ರ ಜೂನ್‌ನಲ್ಲಿ ಶೇ. 51ರ ಕೂದಲೆಳೆಯಲ್ಲಿ ಒಪ್ಪಿಗೆ ಸಿಕ್ಕಿತು.

ಕತ್ತರಿ ಜಾಸ್ತಿಯಾದದ್ದು

2003ರ ಮೇ 18ರಂದು 'ಸೈನ್ಯ 21' ಅನ್ನುವ ಇನ್ನೊಂದು ಸುಧಾರಣೆ ಜನರ ಮುಂದೆ ಬಂತು. ಈ ಸಲ ದೂರು ಎಡಗಡೆಯಿಂದಲ್ಲ, ಹಳಬರಿಂದ. ನಮ್ಮ ಅಪ್ಪಂದಿರ ಸೈನ್ಯವನ್ನು ಹಾಳು ಮಾಡುತ್ತಿದ್ದೀರಿ ಅಂತ ಅವರು ಸಹಿ ಕೂಡಿಸಿ ತಡೆಯಲು ನೋಡಿದರು. ಶೇ. 76ರಷ್ಟು ಮತ ಸುಧಾರಣೆಯ ಪರ ಬಿತ್ತು. 2004ರಿಂದ ಸೈನ್ಯ 2 ಲಕ್ಷ 20 ಸಾವಿರಕ್ಕೆ ಇಳಿಯಿತು. ಅದರಲ್ಲೂ ಸಕ್ರಿಯ ಪಡೆ 1 ಲಕ್ಷ 20 ಸಾವಿರ. ಸಾಮಾನ್ಯ ಸೈನಿಕ ಮೂವತ್ತರ ಆಸುಪಾಸಿನಲ್ಲೇ ಬಿಡುಗಡೆ ಪಡೆಯುವಂತಾಯಿತು. ವರ್ಷವರ್ಷ ಎದ್ದು ಹೋಗುವ ಗೋಜೇ ಬೇಡ, ಒಂದೇ ಉಸಿರಿಗೆ ಮುಗಿಸಿಬಿಡುತ್ತೇನೆ ಅನ್ನುವವರಿಗೆ ಆ ಅವಕಾಶವನ್ನೂ ಕೊಟ್ಟರು. 1891ರಿಂದ ಇದ್ದ ಸೈಕಲ್ ಪಡೆಯನ್ನೂ ಆ ಸುತ್ತಿನಲ್ಲೇ ಮುಚ್ಚಿದರು. ಅದಕ್ಕೆ ಕಣ್ಣೀರಿಟ್ಟವರು ಕಡಿಮೆಯಿಲ್ಲ. ಆ ಕಪ್ಪು, ಭಾರದ ಸೈಕಲ್ಲುಗಳನ್ನು ಜನ ಕೊಂಡು ಇಟ್ಟುಕೊಂಡರು.

ಇಲ್ಲಿ ಒಂದು ತಪ್ಪಾಯಿತು. ಶತ್ರು ಬರಲು ಎಷ್ಟೋ ವರ್ಷ ಬೇಕು, ಅಷ್ಟರಲ್ಲಿ ಮತ್ತೆ ಕಟ್ಟಿಕೊಂಡರಾಯಿತು ಅನ್ನುವ ಲೆಕ್ಕದಲ್ಲಿ ದಿಢೀರ್ ಕರೆ ಕೊಡುವ ಹಳೆಯ ಏರ್ಪಾಡನ್ನೇ ಬಿಟ್ಟುಬಿಟ್ಟರು. ಲಾರಿ, ರೇಡಿಯೊ, ಸಲಕರಣೆ ಎಲ್ಲ ಪಡೆಗಳಿಗೂ ಏಕಕಾಲಕ್ಕೆ ಸಾಲದ ಸ್ಥಿತಿ ಬಂತು. ಕರೆದರೆ ಮನೆಯಿಂದ ಹೊರಡುವುದೇ ಆ ಸೈನ್ಯದ ಪ್ರಾಣ ಆಗಿತ್ತು. ಸಂಖ್ಯೆ ಇಳಿಸಿದ್ದು ತಪ್ಪಲ್ಲ, ಕರೆಯುವ ದಾರಿ ಮುಚ್ಚಿದ್ದು ತಪ್ಪು ಅಂತ ನನಗನ್ನಿಸುತ್ತದೆ. ಕಡೆಗೆ ಅವರೂ ಅದನ್ನು ಒಪ್ಪಿಕೊಂಡರು. 2018ರಲ್ಲಿ ಶುರುವಾದ ಮುಂದಿನ ಸುಧಾರಣೆಯಲ್ಲಿ ಕರೆ ಕೊಡುವ ಏರ್ಪಾಡನ್ನು ವಾಪಸ್ ತಂದರು.

ಮನೆಯ ಗುಂಡಿನ ಡಬ್ಬಿಯನ್ನು 2007ರಿಂದ ಹಿಂದಕ್ಕೆ ತೆಗೆದುಕೊಂಡರು. ಮನೆಗಳಲ್ಲಿ ನಡೆದ ಕೊಲೆ, ಆತ್ಮಹತ್ಯೆಗಳ ಚರ್ಚೆ ಅದರ ಹಿಂದಿತ್ತು. ಆದರೆ ಬಂದೂಕನ್ನೂ ಆಯುಧಾಗಾರದಲ್ಲಿ ಇಡಿ ಅಂತ 2011ರಲ್ಲಿ ಕೇಳಿದಾಗ ಶೇ. 56ರಷ್ಟು ಜನ ಒಪ್ಪಲಿಲ್ಲ. ಗುಂಡು ಕೊಟ್ಟರು, ಬಂದೂಕು ಬಿಡಲಿಲ್ಲ.

ಎರಡು ಘಟನೆ, ಒಂದೇ ವರ್ಷ

2014ರ ಫೆಬ್ರವರಿ 17ರ ಬೆಳಗಿನ ಜಾವ. ಅಡಿಸ್ ಅಬಾಬಾದಿಂದ ರೋಮಿಗೆ ಹೊರಟಿದ್ದ ಇಥಿಯೋಪಿಯನ್ ಏರ್‌ಲೈನ್ಸ್ ವಿಮಾನ. ಪೈಲಟ್ ಶೌಚಕ್ಕೆ ಎದ್ದು ಹೋದಾಗ ಸಹ ಪೈಲಟ್ ಬಾಗಿಲು ಹಾಕಿಕೊಂಡ. 202 ಜನರಿದ್ದ ವಿಮಾನವನ್ನು ಜಿನೀವಾ ಕಡೆ ತಿರುಗಿಸಿದ. ಅವನಿಗೆ ಬೇಕಿದ್ದದ್ದು ಆಶ್ರಯ. ಮೊದಲು ಇಟಲಿಯ ಯುದ್ಧ ವಿಮಾನಗಳು, ಆಮೇಲೆ ಫ್ರಾನ್ಸಿನವು ಬೆನ್ನಿಗೆ ಬಂದವು. ಜಿನೀವಾದಲ್ಲಿ ಇಳಿದಾಗ ಬೆಳಗ್ಗೆ 6 ಗಂಟೆ. ಸಹ ಪೈಲಟ್ ಕಿಟಕಿಯಿಂದ ಹಗ್ಗ ಬಿಟ್ಟು ಇಳಿದು ಪೊಲೀಸರಿಗೆ ಶರಣಾದ. ಯಾರಿಗೂ ಏನೂ ಆಗಲಿಲ್ಲ.

ಸ್ವಿಸ್ ಯುದ್ಧ ವಿಮಾನಗಳು ಎಲ್ಲಿದ್ದವು? ನೆಲದ ಮೇಲೆ. ಆಕಾಶದ ಕಾವಲು ಆಫೀಸ್ ಟೈಮಿನಲ್ಲಿ ಮಾತ್ರ. ಬೆಳಗ್ಗೆ 8ಕ್ಕೆ ಶುರು, ಮಧ್ಯಾಹ್ನ ಊಟಕ್ಕೆ ಬಿಡುವು, ಸಂಜೆಗೆ ಮುಚ್ಚುವುದು, ಶನಿವಾರ ಭಾನುವಾರ ರಜೆ. ಜಗತ್ತೇ ನಕ್ಕಿತು. ನಗದೆ ಇರುವುದು ಕಷ್ಟ, ಅಲ್ವಾ?

ನಕ್ಕ ಮೇಲೆ ಸ್ವಲ್ಪ ಯೋಚಿಸಿದರೆ ಕಾರಣ ಕಾಣುತ್ತದೆ. ಇಡೀ ದಿನ ವಿಮಾನ ಸಜ್ಜಾಗಿಡಬೇಕಾದರೆ ಪಾಳಿಯಲ್ಲಿ ದುಡಿಯುವ ಕಾಯಂ ಪೈಲಟ್, ಮೆಕ್ಯಾನಿಕ್, ರೇಡಾರ್ ಸಿಬ್ಬಂದಿ ಬೇಕು. ವೇ-ಕಾಗೆ ಬಂದುಹೋಗುವ ಗುಮಾಸ್ತರಿಂದ ಅದು ಆಗುವ ಕೆಲಸವಲ್ಲ. ಅದಕ್ಕೆ ಹುದ್ದೆ ಬೇಕು, ದುಡ್ಡು ಬೇಕು. ಸಂಸತ್ತು ಈ ಘಟನೆಗೂ ಮೊದಲೇ 24 ಗಂಟೆ ಕಾವಲು ಬೇಕು ಅಂತ ಹೇಳಿಯಾಗಿತ್ತು. ಕೆಲಸ ಮಾತ್ರ ಆಮೆ ನಡಿಗೆ. 2016ರಲ್ಲಿ ಹೆಜ್ಜೆ ಶುರುವಾಗಿ, ರಜಾದಿನ ಸೇರಿ, ಹೊತ್ತು ಹಿಗ್ಗಿ, ಪೂರ್ತಿ 24 ಗಂಟೆ ಆಗಿದ್ದು 2020ರ ಡಿಸೆಂಬರ್ 31ಕ್ಕೆ.

ಇನ್ನೊಂದು ಘಟನೆ ಅದೇ ವರ್ಷದ ಮೇ 18ರದ್ದು. ಸ್ವೀಡನ್ನಿನ 22 ಗ್ರಿಪೆನ್ ವಿಮಾನ ಕೊಳ್ಳಲು ಸುಮಾರು 310 ಕೋಟಿ ಫ್ರಾಂಕ್ ಕೊಡಿ ಅಂತ ಸರ್ಕಾರ ಕೇಳಿತು. ಜಿನೀವಾದ ಅವಮಾನ ಆಗಿ ಮೂರೇ ತಿಂಗಳು. ವಿಮಾನ ಬೇಕು ಅನ್ನಲು ಇದಕ್ಕಿಂತ ಒಳ್ಳೆ ಹೊತ್ತು ಸಿಗುತ್ತಿತ್ತಾ? ಆದರೂ ಶೇ. 53.4ರಷ್ಟು ಜನ ಬೇಡ ಅಂದರು. ವಿಮಾನವಿದ್ದೂ ಹಾರಿಸಲಿಲ್ಲವಲ್ಲ, ಹೊಸದು ಯಾಕೆ ಅಂತ ಕೇಳುವುದು ವಿರೋಧಿಗಳಿಗೂ ಸುಲಭವಾಗಿತ್ತು.

ಇದರ ಪಕ್ಕಕ್ಕೆ 2013ರ ಸೆಪ್ಟೆಂಬರ್ ಇಟ್ಟು ನೋಡಿ. ಕಡ್ಡಾಯ ಸೇವೆ ರದ್ದು ಮಾಡೋಣ ಅಂತ ಕೇಳಿದಾಗ ಶೇ. 73ರಷ್ಟು ಜನ ಬೇಡ ಅಂದಿದ್ದರು. ನನ್ನ ಮಗ ಮೂರು ವಾರ ಚಳಿಯಲ್ಲಿ ಮಲಗಲಿ, ಪರವಾಗಿಲ್ಲ. 310 ಕೋಟಿ ಮಾತ್ರ ಕೇಳಬೇಡಿ. ಹೊರಗಿನವರಿಗೆ ಇದು ತಿರುಗಮುರುಗ ಅನ್ನಿಸಬಹುದು. ಸೇವೆ ಅವರದೇ, ಅಪ್ಪ ಮಾಡಿದ್ದು, ತಾನು ಮಾಡಿದ್ದು, ಅದರ ಬೈಗುಳ, ಜೋಕು, ಗೆಳೆತನ ಎಲ್ಲ ಅವರದು. ವಿಮಾನ ಹಾಗಲ್ಲ. ಅದು ಬರ್ನ್‌ನವರ ಖರೀದಿ.

ಹೆಸರಿಲ್ಲದ ವಿಮಾನ

2018ರ ಸುಧಾರಣೆ ಗುರಿ ಸಂಖ್ಯೆಯನ್ನು 1 ಲಕ್ಷಕ್ಕೆ ತಂದಿತು. ವರ್ಷದ ಖರ್ಚಿಗೆ ಸುಮಾರು 500 ಕೋಟಿ ಫ್ರಾಂಕ್. 18 ವಾರದ ಮೊದಲ ತರಬೇತಿ, ಆಮೇಲೆ ಆರು ವೇ-ಕಾ. ಒಟ್ಟು 245 ದಿನ. ಅದರ ಮೊದಲ ನಿಜವಾದ ಪರೀಕ್ಷೆ ಯುದ್ಧದಿಂದ ಬರಲಿಲ್ಲ, ಕೊರೊನಾದಿಂದ ಬಂತು. 2020ರ ಮಾರ್ಚ್‌ನಲ್ಲಿ 8 ಸಾವಿರದವರೆಗೆ ಸೈನಿಕರನ್ನು ಕರೆಯಲು ಸರ್ಕಾರ ಒಪ್ಪಿತು. ಎರಡನೇ ಮಹಾಯುದ್ಧದ ನಂತರದ ಅತಿ ದೊಡ್ಡ ಕರೆ ಅದು. ಮೊಬೈಲಿಗೆ ಸಂದೇಶ ಬಂತು, ಜನ ಬಂದರು, ಆಸ್ಪತ್ರೆಗಳಿಗೆ ಹೋದರು. ಬಿಟ್ಟುಹೋಗಿದ್ದ ಕರೆಯ ಏರ್ಪಾಡು ವಾಪಸ್ ಬಂದು ಎರಡೇ ವರ್ಷ ಆಗಿತ್ತು.

ಅದೇ ವರ್ಷ ವಿಮಾನದ ಪ್ರಶ್ನೆ ಮತ್ತೆ ಬಂತು. ಆಗ ರಕ್ಷಣಾ ಮಂತ್ರಿ ವಿಯೋಲಾ ಆಮ್‌ಹರ್ಡ್, ಆ ಹುದ್ದೆಗೆ ಬಂದ ಮೊದಲ ಮಹಿಳೆ. ಗ್ರಿಪೆನ್ ಪಾಠ ಕಲಿತಾಗಿತ್ತು. ಚೀಟಿಯಲ್ಲಿ ಈ ಸಲ ವಿಮಾನದ ಹೆಸರೇ ಇಲ್ಲ. ಯುದ್ಧ ವಿಮಾನಕ್ಕೆ 600 ಕೋಟಿ ಫ್ರಾಂಕ್‌ವರೆಗೆ ಖರ್ಚು ಮಾಡಬಹುದಾ, ಅಷ್ಟೇ ಪ್ರಶ್ನೆ. ಯಾವುದು ಅಂತ ಆಮೇಲೆ ನಾವು ಹೇಳುತ್ತೇವೆ. ಚಾಣಾಕ್ಷತನ ಅನ್ನಿ, ಕಳ್ಳಾಟ ಅನ್ನಿ. 2020ರ ಸೆಪ್ಟೆಂಬರ್ 27ರಂದು ಶೇ. 50.1ರಷ್ಟು ಮತ ಬಿದ್ದು ಪಾಸಾಯಿತು. ಅಂತರ 8670 ಮತ. ಇಡೀ ದೇಶಕ್ಕೆ ಸೇರಿ!

2021ರ ಜೂನ್‌ನಲ್ಲಿ ಹೆಸರು ಗೊತ್ತಾಯಿತು. ಅಮೆರಿಕದ ಎಫ್-35, ಒಟ್ಟು 36. ವಿರೋಧಿಗಳು ಮತ್ತೆ ಸಹಿ ಕೂಡಿಸಿದರು, 1 ಲಕ್ಷ ದಾಟಿತು. ಆದರೆ ಅಷ್ಟರಲ್ಲಿ ರಷ್ಯಾ ಉಕ್ರೇನಿಗೆ ನುಗ್ಗಿತ್ತು. ಗಾಳಿ ತಿರುಗಿತ್ತು. ಜನರ ಮುಂದೆ ಪ್ರಶ್ನೆ ಬರುವ ಮೊದಲೇ 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಒಪ್ಪಂದಕ್ಕೆ ಸಹಿ ಹಾಕಿಬಿಟ್ಟಿತು. ಸಹಿ ಕೂಡಿಸಿದವರು ಪ್ರಸ್ತಾಪ ಹಿಂದಕ್ಕೆ ತೆಗೆದುಕೊಂಡರು. ಈ ಇಡೀ ಪ್ರಕರಣದಲ್ಲಿ ನನಗೆ ಮುಜುಗರ ಆಗುವ ಭಾಗ ಇದು. ವಿಮಾನ ಸರಿಯೋ ತಪ್ಪೋ ಬೇರೆ ಮಾತು. 1986ರಲ್ಲಿ ಸೈನ್ಯವೇ ಬೇಡ ಅಂದವರ ಚೀಟಿಯನ್ನೂ ಮುಟ್ಟದೆ ಜನರ ಮುಂದೆ ಇಟ್ಟ ದೇಶ, ವಿಮಾನ ಬೇಡ ಅಂದವರಿಗೆ ಅಷ್ಟು ಹೊತ್ತು ಕೊಡಲಿಲ್ಲ.

ದೊಡ್ಡ ಸೈನ್ಯ ಬಿಟ್ಟುಹೋದ ಸರಕೂ ಇನ್ನೂ ತೀರಿಲ್ಲ. ಬೆಟ್ಟದೊಳಗಿನ ಎಷ್ಟೋ ಕೋಟೆಗಳು ಮಾರಾಟವಾಗಿವೆ. ಕೆಲವು ಕಡೆ ಚೀಸ್ ಹಣ್ಣಾಗುತ್ತಿದೆ, ಕೆಲವು ಕಡೆ ಕಂಪ್ಯೂಟರ್ ಮಾಹಿತಿ ಕೂಡಿಡುತ್ತಾರೆ. ಬರ್ನ್ ಪ್ರಾಂತ್ಯದ ಮಿಟ್‌ಹೋಲ್ಜ್ ಹಳ್ಳಿಯದು ಮಾತ್ರ ಬೇರೆ ಕಥೆ. ಅಲ್ಲಿನ ಮದ್ದುಗುಂಡಿನ ಗುಹೆ 1947ರ ಡಿಸೆಂಬರ್‌ನಲ್ಲಿ ಸಿಡಿದು 9 ಜನ ಸತ್ತರು. ಸಿಡಿಯದೆ ಉಳಿದ ಸಾವಿರಾರು ಟನ್ ಮದ್ದುಗುಂಡು ಬಂಡೆಯ ಕೆಳಗೇ ಉಳಿಯಿತು. ಅದರ ಪಕ್ಕದಲ್ಲೇ ಜನ ಮನೆ ಕಟ್ಟಿಕೊಂಡು ಬದುಕಿದರು. ಅಪಾಯ ಅಂದುಕೊಂಡದ್ದಕ್ಕಿಂತ ಜಾಸ್ತಿ ಅಂತ 2018ರಲ್ಲಿ ಹೇಳಿದರು. ಅದನ್ನು ತೆಗೆಯಲು ಊರವರು 2030ರ ಹೊತ್ತಿಗೆ ಮನೆ ಬಿಟ್ಟು ಹೋಗಬೇಕು, ಹತ್ತು ವರ್ಷಕ್ಕೂ ಹೆಚ್ಚು ಕಾಲ.

2025ರಲ್ಲಿ ಎರಡು ಸುದ್ದಿ ಬಂದವು. ಎಫ್-35ಕ್ಕೆ ಹೇಳಿದ ಬೆಲೆ ಗಟ್ಟಿ ಬೆಲೆಯಲ್ಲ ಅಂದಿತು ಅಮೆರಿಕ. ಗಟ್ಟಿ ಅಂತ ಸ್ವಿಸ್ ಸರ್ಕಾರ ವರ್ಷಗಟ್ಟಲೆ ಜನರಿಗೆ ಹೇಳಿಕೊಂಡು ಬಂದಿತ್ತು. ಹೆಚ್ಚುವರಿ 65 ಕೋಟಿಯಿಂದ 130 ಕೋಟಿ ಫ್ರಾಂಕ್ ಆಗಬಹುದು ಅನ್ನುವ ಲೆಕ್ಕ ಆಗಸ್ಟ್‌ನಲ್ಲಿ ಹೊರಬಂತು. 600 ಕೋಟಿ ಅಂತ ಜನ ಒಪ್ಪಿದ್ದ ಚೀಟಿ ಎಲ್ಲರಿಗೂ ಮತ್ತೆ ನೆನಪಾಯಿತು.

ಇನ್ನೊಂದು ನವೆಂಬರ್ 30ರ ಮತದಾನ. ಸೈನ್ಯ, ನಾಗರಿಕ ಸೇವೆ ಅಥವಾ ಬೇರೆ ಯಾವುದಾದರೂ ಸಾರ್ವಜನಿಕ ಕೆಲಸ, ಗಂಡು ಹೆಣ್ಣು ಎಲ್ಲರಿಗೂ ಕಡ್ಡಾಯ ಮಾಡಿ ಅನ್ನುವ ಪ್ರಸ್ತಾಪ. ಶೇ. 84ರಷ್ಟು ಜನ ಬೇಡ ಅಂದರು. ಸೇವೆಯ ಕರೆ ಈಗಲೂ ಗಂಡುಹುಡುಗರ ಮನೆಗೇ ಬರುತ್ತದೆ.